ಕಾಯಿದೆಯ ಆಳಿಕೆಯೂ ಮುಖಂಡರ ಪ್ರಾಮಾಣಿಕತೆಯೂ

ದೇಶದ ಮುಖಂಡರು ಪ್ರಾಮಾಣಿಕರಾಗಿರಬೇಕೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವುಳ್ಳವರು ಯಾರೂ ಇರಲಾರರು. ಅಪ್ರಾಮಾಣಿಕನಾದ ಮುಖಂಡನೂ ಸಭೆಯಲ್ಲಿ ಎದ್ದು ನಿಂತು ಇದನ್ನೇ ಹೇಳುತ್ತಾನೆ. ಬಹುಶಃ ಉಳಿದವರಿಗಿಂತ ತುಸು ಗಟ್ಟಿಯಾಗಿಯೇ ಹೇಳುತ್ತಾನೆ. ಕಾಯಿದೆಯು ಎಲ್ಲರಿಗೂ ಒಂದೇ ಎಂಬ ಮಾತಿನ ಸ್ಥಿತಿಯೂ ಹೀಗೆಯೇ. ಆದುದರಿಂದ ಈ ಎರಡು ತತ್ತ್ವಗಳ ಸ್ತೋತ್ರದಲ್ಲಿ ಶ್ರೋತೃಗಳ ಕಾಲವನ್ನು ಕಳೆಯುವುದು ನಮ್ಮ ಉದ್ದೇಶವಲ್ಲ. ಅವು ನಿಜವಾಗಿ ಒರೆಗೆ ಹಚ್ಚಲ್ಪಟ್ಟ ಎರಡು ಸಂದರ್ಭಗಳನ್ನು ಆರಿಸಿಕೊಂಡು, ಅಲ್ಲಿ ನಡೆದುದೇನು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕೆಂದಿದ್ದೇವೆ. ಮೊದಲನೆಯದು 1951ರಲ್ಲಿ ನಡೆದದ್ದು, ಎರಡನೆಯದು 1957-58ರಲ್ಲಿ. ಎರಡಕ್ಕೂ ರಂಗಸ್ಥಳ ಹೊಸದಿಲ್ಲಿಯ ಪಾರ್ಲಿಮೆಂಟು. ಎರಡರಲ್ಲಿಯೂ ಒಬ್ಬರೇ ಗೃಹಸ್ಥರು ಕಾಣಿಸಿಕೊಳ್ಳುತ್ತಾರೆ: ಮೊದಲನೆಯ ಸಲ ತೀರ್ಪು ಹೇಳುವವರ ಪೀಠದಲ್ಲಿ, ಎರಡನೆಯ ಸಲ ಅದರ ಎದುರಿನಲ್ಲಿ.

ಅದಕ್ಕೆ ಮುಂಚೆ ಒಂದು ಮಾತು. ಕಾಯಿದೆಯ ಆಳಿಕೆ ಎಂದರೆ ದೇಶದಲ್ಲಿ ಕಾಯಿದೆಗಳಿರುವುದು ಎಂದಷ್ಟೇ ಅರ್ಥವಲ್ಲ. ಕಾಯಿದೆಗಳಿಲ್ಲದ ರಾಜ್ಯ ಯಾವುದಿದೆ? ಅತ್ಯಂತ ಕ್ರೂರಿಯಾದ ದೊರೆಯ ಆಸ್ಥಾನದಲ್ಲಿಯೂ ನಿರೂಪಗಳಿಗೆ ಕೊರತೆಯಿರಲಿಲ್ಲ. ಕಾಯಿದೆಯನ್ನು ಮಾಡಿದವನೂ ನಡೆಸುವವನೂ ಅದಕ್ಕೆ ತಲೆಬಾಗಬೇಕು ಎಂಬಲ್ಲಿ ಈ ಮಾತಿನ ಜೀವವಿರುವುದು. ಧರ್ಮವೆಂಬುದು ರಾಜನಿಗಿಂತ ಮೇಲಿನದು ಎಂಬ ಭಾವನೆ ನಮ್ಮವರಿಗೆ ಹೊಸದಲ್ಲ. ಆದರೆ ಅದನ್ನು ನ್ಯಾಯಾಸ್ಥಾನದಲ್ಲಿ ದಿನನಿತ್ಯ ಬಳಸಬಹುದಾದ ಸೂತ್ರವನ್ನಾಗಿ ವಿವರಿಸಿದವನು ಡೈಸಿ ಎಂಬ ಆಂಗ್ಲ ಪಂಡಿತ. 1885ರಲ್ಲಿ ಪ್ರಕಟವಾದ ಅವನ ಗ್ರಂಥದಿಂದ ಈ ಮಾತು ಎಲ್ಲೆಡೆಯೂ ಪ್ರಚಾರಕ್ಕೆ ಬಂದಿತು. ಪ್ರಧಾನಮಂತ್ರಿಯಾಗಲಿ ಕಂದಾಯ ವಸೂಲಿಯ ಗುಮಾಸ್ತನಾಗಲಿ, ಅಧಿಕಾರವಿಲ್ಲದೆ ಮಾಡಿದ ಕೆಲಸಕ್ಕೆ ಸಾಮಾನ್ಯ ಪ್ರಜೆಯಂತೆಯೇ ಹೊಣೆ ಎಂಬುದು ಅವನ ಅಭಿಪ್ರಾಯದ ಸಾರಾಂಶ.

ನಮ್ಮ ಮೈಸೂರು ಸೀಮೆಯವರಿಗೆ ಇದರ ಒಂದು ಅಂಶ ಬಹಳ ಹಿಂದೆಯೇ ಪರಿಚಿತವಾಗಿತ್ತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಏರ್ಪಟ್ಟಿತು. ದಸರೆಯ ಕಾಲದಲ್ಲಿ ದಿವಾನರು ರಾಜ್ಯದ ಆಯವ್ಯಯವನ್ನೂ ಸರ್ಕಾರದ ಕೆಲಸಗಳನ್ನೂ ಪ್ರತಿನಿಧಿಗಳ ಮುಂದೆ ಓದುತ್ತಿದ್ದರು. ಪ್ರತಿನಿಧಿಗಳು ತಮ್ಮ ತಮ್ಮ ತಾಲ್ಲೂಕಿನ ಕೆರೆ, ರಸ್ತೆ, ಕಂದಾಯಗಳ ಅಹವಾಲನ್ನು ಹೇಳಿಕೊಳ್ಳುತ್ತಿದ್ದರು. ಇದು ಸಣ್ಣ ವಿಷಯವಲ್ಲ. ಆದರೂ ದಿವಾನರು ಹೊಣೆಯಾಗಿದ್ದದ್ದು ಮಹಾರಾಜರಿಗೆ, ಸಭೆಗಲ್ಲ. ಉತ್ತರ ಹೇಳುವುದು ಬೇರೆ. ಉತ್ತರ ಸರಿಯಿಲ್ಲದಿದ್ದರೆ ಸ್ಥಾನವನ್ನು ಬಿಟ್ಟು ಏಳಬೇಕಾಗಿ ಬರುವುದು ಬೇರೆ. ಮೊದಲನೆಯದು ಸೌಜನ್ಯ, ಎರಡನೆಯದನ್ನು ಉತ್ತರವಾದಿತ್ವವೆನ್ನುತ್ತೇವೆ. ಮುಂದೆ ನಾವು ಹೇಳಲಿರುವ ಎರಡು ಕಥೆಗಳೂ ಈ ಎರಡನೆಯದಕ್ಕೆ ಸೇರಿದವು.

1951ರಲ್ಲಿ ಇಂದಿನ ಲೋಕಸಭೆ ಇನ್ನೂ ಹುಟ್ಟಿರಲಿಲ್ಲ. ರಾಜ್ಯಾಂಗವನ್ನು ರಚಿಸಿದ ಸಭೆಯೇ 1950ರ ಜನವರಿ 26ರಿಂದ ತಾತ್ಕಾಲಿಕ ಪಾರ್ಲಿಮೆಂಟಾಗಿ ಕೆಲಸಮಾಡುತ್ತಿತ್ತು. ವಯಸ್ಕರೆಲ್ಲರೂ ಮತ ಹಾಕುವ ಮೊದಲ ಚುನಾವಣೆ ಹತ್ತಿರವಾಗುತ್ತಿತ್ತು. ಆ ಪಾರ್ಲಿಮೆಂಟಿನಲ್ಲಿ ಆಳುವ ಪಕ್ಷದ ಸದಸ್ಯರಾಗಿದ್ದವರಲ್ಲಿ ಹುಚ್ಚೇಶ್ವರ ಗುರುಸಿದ್ಧ ಮುದ್ಗಲ್ ಎಂಬವರೊಬ್ಬರು. ಹೆಸರನ್ನು ಕೇಳಿದೊಡನೆಯೇ ನಮ್ಮ ಉತ್ತರದ ಜಿಲ್ಲೆಗಳ ನೆನಪು ಬರುತ್ತದೆ. ಅಮೆರಿಕದ ನ್ಯೂಯಾರ್ಕಿನಲ್ಲಿ ಅನೇಕ ವರ್ಷ ಇದ್ದು ಪತ್ರಿಕೆಯ ಕೆಲಸ ಮಾಡಿ ಬಂದವರು, ಲೋಕವನ್ನು ಕಂಡವರು. ಅವರ ಮೇಲೆ ಬಂದ ಆರೋಪವೇನೆಂದರೆ, ಮುಂಬಯಿಯ ಚಿನ್ನಬೆಳ್ಳಿ ವ್ಯಾಪಾರಿಗಳ ಸಂಘದೊಡನೆ ವ್ಯವಹಾರ ಕುದುರಿಸಿಕೊಂಡು, ಸಂಘಕ್ಕೆ ಬೇಕಾದ ಪ್ರಶ್ನೆಗಳನ್ನು ಸಭೆಯಲ್ಲಿ ಕೇಳುವುದು, ತಿದ್ದುಪಡಿಗಳನ್ನು ಸೂಚಿಸುವುದು, ಮುದ್ರಾಶುಲ್ಕ ಮೊದಲಾದ ವಿಷಯಗಳಲ್ಲಿ ಸದಸ್ಯರ ಬೆಂಬಲವನ್ನು ದೊರಕಿಸುವುದು, ಇವಕ್ಕೆ ಪ್ರತಿಫಲವಾಗಿ ಹಣ ಪಡೆದರು ಎಂಬುದು. ಹಣದ ಮೊತ್ತ ದೊಡ್ಡದೇನೂ ಅಲ್ಲ. ಇಂದಿನ ಆರೋಪಪಟ್ಟಿಗಳಲ್ಲಿ ಕಾಣುವ ಸೊನ್ನೆಗಳನ್ನು ಎಣಿಸಿ ಅಭ್ಯಾಸವಾದವರಿಗೆ ಅದು ನಗೆಯನ್ನೇ ತಂದೀತು.

ಇಂಥ ಸಂದರ್ಭದಲ್ಲಿ ಆಳುವ ಪಕ್ಷದ ಮುಂದಾಳು ಏನು ಮಾಡಬಹುದಾಗಿತ್ತು? ಹಲವು ದಾರಿಗಳಿದ್ದವು. ಸದಸ್ಯರನ್ನು ಮನೆಗೆ ಕರೆಸಿ ಗದರಿಸಿ ಕಳುಹಿಸಬಹುದಾಗಿತ್ತು. ಚುನಾವಣೆ ಹೇಗೂ ಬರುತ್ತಿದೆ, ಟಿಕೆಟ್ಟು ಕೊಡದಿದ್ದರಾಯಿತು ಎಂದು ಸುಮ್ಮನಿರಬಹುದಾಗಿತ್ತು. ವಿರೋಧಿಗಳ ಪಿತೂರಿ ಎನ್ನಬಹುದಾಗಿತ್ತು. ಜವಾಹರಲಾಲ್ ನೆಹರೂ ಅವರು ಇದಾವುದನ್ನೂ ಮಾಡದೆ, 1951ರ ಜೂನ್ 8ರಂದು ತಾವೇ ಎದ್ದು ನಿಂತು, ಈ ಸದಸ್ಯರ ನಡತೆಯನ್ನು ವಿಚಾರಿಸಲು ಸಭೆಯ ಸಮಿತಿಯೊಂದನ್ನು ನೇಮಿಸಬೇಕೆಂದು ನಿರ್ಣಯವನ್ನು ಮಂಡಿಸಿದರು. ಐದು ಮಂದಿಯ ಸಮಿತಿ ಏರ್ಪಟ್ಟಿತು. ಪ್ರೊಫೆಸರ್ ಕೆ. ಟಿ. ಷಾ, ದುರ್ಗಾಬಾಯಿ, ಸಯ್ಯದ್ ನೌಷೇರ್ ಅಲಿ, ಕಾಶೀನಾಥರಾವ್ ವೈದ್ಯ, ಇವರು ಸದಸ್ಯರು. ಅಧ್ಯಕ್ಷರು ಮದರಾಸಿನ ಟಿ. ಟಿ. ಕೃಷ್ಣಮಾಚಾರಿ. ರಾಜ್ಯಾಂಗದ ಕರಡನ್ನು ಸಿದ್ಧಪಡಿಸಿದ ಸಮಿತಿಯಲ್ಲಿಯೂ ಇದ್ದವರು; ತೀಕ್ಷ್ಣಮತಿ, ಮಾತಿನಲ್ಲಿ ಮೊನಚು. ಈ ಹೆಸರನ್ನು ಶ್ರೋತೃಗಳು ಜ್ಞಾಪಕದಲ್ಲಿಟ್ಟಿರಬೇಕು.

ಸಮಿತಿಯು ಅವಸರಪಡಲಿಲ್ಲ. ಮುದ್ಗಲ್ ಅವರಿಗೆ ವಕೀಲರ ನೆರವನ್ನು ಪಡೆಯುವ ಅವಕಾಶ ಕೊಟ್ಟಿತು. ಅವರ ಸಮಜಾಯಿಷಿಯನ್ನು ಕೇಳಿತು. ಆಮೇಲೆ ಅವರ ನಡತೆಯು ಸಭೆಯ ಗೌರವಕ್ಕೆ ಕುಂದು ತರುವಂಥದು, ಸದಸ್ಯರಿಂದ ಸಭೆ ನಿರೀಕ್ಷಿಸತಕ್ಕ ಮಟ್ಟಕ್ಕೆ ಸಲ್ಲದು ಎಂದು ವರದಿ ಸಲ್ಲಿಸಿತು. ಸೆಪ್ಟೆಂಬರ್ 24ರಂದು, ಅವರನ್ನು ಸಭೆಯಿಂದ ಹೊರಗೆ ಹಾಕಬೇಕೆಂಬ ನಿರ್ಣಯವನ್ನು ಪ್ರಧಾನಮಂತ್ರಿಗಳೇ ತಂದರು. ಚರ್ಚೆ ಮುಗಿಯುವುದಕ್ಕೆ ಮೊದಲೇ, ಮಾರನೆಯ ದಿನ, ಮುದ್ಗಲ್ ಅವರು ತಮ್ಮ ಮಾತನ್ನು ಹೇಳಿ ರಾಜೀನಾಮೆಯ ಪತ್ರವನ್ನು ಒಪ್ಪಿಸಿಬಿಟ್ಟರು. ಈಗ ಹೊರಗೆ ಹಾಕುವುದಾದರೂ ಯಾರನ್ನು? ಹೋದವನನ್ನು ಓಡಿಸುವುದೆಂತು? ಅಲ್ಲಿಗೆ ಮುಗಿಯಿತೆಂದು ನಿಟ್ಟುಸಿರು ಬಿಡುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಸಿಕ್ಕುವಂತಿರಲಿಲ್ಲ. ಸಭೆಯು ಬಿಡಲಿಲ್ಲ. ನಿರ್ಣಯವನ್ನು ತಿದ್ದಿ, ಈ ಸದಸ್ಯರು ಹೊರಗೆ ಹಾಕಲ್ಪಡುವುದಕ್ಕೆ ಅರ್ಹರಾಗಿದ್ದರು, ಅವರ ರಾಜೀನಾಮೆಯ ಪತ್ರದ ಒಕ್ಕಣೆಯೇ ಸಭೆಗೆ ಅಪಚಾರ, ಅದರಿಂದ ತಪ್ಪು ಇನ್ನಷ್ಟು ಹೆಚ್ಚಾಯಿತು ಎಂಬ ಅರ್ಥದಲ್ಲಿ ದಾಖಲೆ ಮಾಡಿತು. ರಾಜೀನಾಮೆಯೆಂಬ ಗಂಗಾಸ್ನಾನದಿಂದ ಎಲ್ಲ ತೊಳೆದುಹೋಗುತ್ತದೆಂಬ ನಂಬಿಕೆಯನ್ನು ಆ ದಿನ ಒಪ್ಪಲಿಲ್ಲ. ಈ ಅಂಶ ನಮಗೆ ಬಹಳ ಮುಖ್ಯವೆಂದು ತೋರುತ್ತದೆ.

ಇಷ್ಟನ್ನು ಮೆಚ್ಚಿಕೊಂಡ ಮೇಲೆ ಒಂದು ಸಂಶಯವನ್ನೂ ಹೇಳಬೇಕು. ಸಣ್ಣ ಸದಸ್ಯನೊಬ್ಬನನ್ನು ದಂಡಿಸುವುದು ದೊಡ್ಡ ಮುಂದಾಳಿಗೆ ಕಷ್ಟವಲ್ಲ. ಮುದ್ಗಲ್ ಅವರಿಗೆ ಬೆನ್ನ ಹಿಂದೆ ನಿಲ್ಲುವ ಗುಂಪಿರಲಿಲ್ಲ, ಅವರು ಹೋದರೆ ಮಂತ್ರಿಮಂಡಲ ಅಲುಗುವಂತಿರಲಿಲ್ಲ. ನೆಹರೂ ಅವರಿಗೆ ಅಂದು ಕಾಯಿದೆಯೂ ಮನಸ್ಸೂ ಒಂದೇ ದಿಕ್ಕಿನಲ್ಲಿದ್ದವು. ಅವೆರಡೂ ಬೇರೆ ಬೇರೆ ದಿಕ್ಕಿಗೆ ಎಳೆದಾಗ ಏನಾಗುತ್ತದೆ ಎಂಬುದನ್ನು ನೋಡದೆ ಯಾವ ತೀರ್ಮಾನವನ್ನೂ ಮಾಡಲಾಗದು. ಅದಕ್ಕೆ ಆರು ವರ್ಷ ಕಾಯಬೇಕಾಯಿತು.

1956ರಲ್ಲಿ ಸರ್ಕಾರವು ಜೀವವಿಮೆಯ ವ್ಯಾಪಾರವನ್ನು ತನ್ನ ವಶಕ್ಕೆ ತೆಗೆದುಕೊಂಡು, ದೊಡ್ಡವೂ ಚಿಕ್ಕವೂ ಸೇರಿ 245 ಸಂಸ್ಥೆಗಳನ್ನು ಒಂದುಗೂಡಿಸಿ ಜೀವವಿಮಾ ನಿಗಮವನ್ನು ಸ್ಥಾಪಿಸಿತು. ಖಾಸಗಿ ಕಂಪನಿಗಳ ಒಡೆಯರು ಜನರ ವಿಮೆಯ ಹಣವನ್ನು ತಮ್ಮ ಇತರ ಉದ್ಯಮಗಳಿಗೆ ಹರಿಸಿಕೊಳ್ಳುತ್ತಿದ್ದಾರೆಂಬುದು ಈ ಕ್ರಮಕ್ಕೆ ಇದ್ದ ಕಾರಣಗಳಲ್ಲಿ ಒಂದು. ಅದನ್ನು ಪಾರ್ಲಿಮೆಂಟಿನಲ್ಲಿ ಬಯಲಿಗೆಳೆದವರು ರಾಯ್‌ಬರೇಲಿಯ ಸದಸ್ಯ ಫಿರೋಜ್ ಗಾಂಧಿ. ವಿಧವೆಯ ಬದುಕಿಗೆ, ಅನಾಥ ಮಕ್ಕಳ ಓದಿಗೆ ಆಧಾರವಾದ ಹಣ ಇದು. ಇದನ್ನು ಸರ್ಕಾರ ಕಾದರೆ ಸುರಕ್ಷಿತವೆಂದು ದೇಶ ನಂಬಿತು.

ಮರುವರ್ಷ, 1957ರ ಜೂನ್ ತಿಂಗಳ ಕೊನೆಯಲ್ಲಿ, ಈ ನಿಗಮವು ಹರಿದಾಸ ಮುಂಧ್ರಾ ಎಂಬ ಕಲ್ಕತ್ತೆಯ ವ್ಯಾಪಾರಿಯ ಹಿಡಿತದಲ್ಲಿದ್ದ ಆರು ಕಂಪನಿಗಳ ಷೇರುಗಳನ್ನು ಒಂದೂಕಾಲು ಕೋಟಿಯಷ್ಟು ರೂಪಾಯಿ ಕೊಟ್ಟು ಕೊಂಡಿತು. ಮುಂಧ್ರಾ ಆಗ ಸಾಲದಲ್ಲಿ ಮುಳುಗುತ್ತಿದ್ದವನು. ಷೇರುಪೇಟೆಯಲ್ಲಿ ಅವನ ಹೆಸರು ಒಳ್ಳೆಯದಾಗಿರಲಿಲ್ಲ. ಇಂಥ ವಿನಿಯೋಗಗಳನ್ನು ಪರಿಶೀಲಿಸುವುದಕ್ಕೆಂದೇ ನಿಗಮದಲ್ಲಿ ಒಂದು ಸಮಿತಿಯಿತ್ತು. ಕೊಳ್ಳುವ ಮುನ್ನ ಅದನ್ನು ಕೇಳಿರಲಿಲ್ಲ. ಕೆಲವು ಷೇರುಗಳಿಗೆ ಪೇಟೆಯ ಧಾರಣೆಗಿಂತ ಹೆಚ್ಚಿನ ಬೆಲೆಯೇ ಸಂದಿತ್ತು. ಯಾರು ಹೇಳಿ ಕೊಂಡರು? ಏಕೆ ಕೊಂಡರು?

ಪ್ರಶ್ನೆಯನ್ನೆತ್ತಿದವರು ಮತ್ತೆ ಫಿರೋಜ್ ಗಾಂಧಿಯವರೇ. ಇಲ್ಲಿ ನಿಂತು ಒಂದು ಕ್ಷಣ ಯೋಚಿಸಬೇಕು. ಅವರು ಆಳುವ ಪಕ್ಷದವರು. ಅಷ್ಟೇ ಅಲ್ಲ, ಪ್ರಧಾನಮಂತ್ರಿಗಳ ಅಳಿಯಂದಿರು. ಪ್ರಶ್ನೆ ಹೋಗಿ ತಗುಲುತ್ತಿದ್ದದ್ದು ಪ್ರಧಾನಮಂತ್ರಿಗಳಿಗೆ ಆಪ್ತರಾದ ಅರ್ಥಸಚಿವರನ್ನು. ಆ ಅರ್ಥಸಚಿವರು ಬೇರಾರೂ ಅಲ್ಲ, 1951ರಲ್ಲಿ ಮುದ್ಗಲ್ ಸಮಿತಿಯ ಅಧ್ಯಕ್ಷರಾಗಿದ್ದ ಟಿ. ಟಿ. ಕೃಷ್ಣಮಾಚಾರಿಯವರು. ಪ್ರಶ್ನೆಗಳಿಗೆ ಮೊದಲು ದೊರೆತ ಉತ್ತರಗಳು ಕಡಿಮೆಮಾತಿನವಾಗಿದ್ದವು. ಕೇಳಿದಷ್ಟಕ್ಕೂ ಸಿಕ್ಕದೆ ಜಾರುತ್ತಿದ್ದವು. ಡಿಸೆಂಬರ್ 16ರಂದು ಲೋಕಸಭೆಯಲ್ಲಿ ಫಿರೋಜ್ ಗಾಂಧಿಯವರು ತಾರೀಖು, ಧಾರಣೆ, ಮೊತ್ತಗಳನ್ನು ಒಂದೊಂದಾಗಿ ಮುಂದಿಟ್ಟು ಮಾತನಾಡಿದರು. ವಾಗ್ಮಿತೆಯ ಆಡಂಬರ ಅದರಲ್ಲಿ ಹೆಚ್ಚಿರಲಿಲ್ಲ; ಇದ್ದದ್ದು ಲೆಕ್ಕ. ಲೆಕ್ಕಕ್ಕೆ ಉತ್ತರ ಲೆಕ್ಕದಿಂದಲೇ ಬರಬೇಕು, ಅದು ಬರಲಿಲ್ಲ.

ಸರ್ಕಾರವು ವಿಚಾರಣೆಗೆ ಒಪ್ಪಿತು. 1952ರ ವಿಚಾರಣಾ ಆಯೋಗಗಳ ಕಾಯಿದೆಯಂತೆ, ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಎಂ. ಸಿ. ಛಾಗ್ಲಾ ಅವರನ್ನು 1958ರ ಜನವರಿಯಲ್ಲಿ ಏಕಸದಸ್ಯ ಆಯೋಗವಾಗಿ ನೇಮಿಸಲಾಯಿತು. ಅವರು ಮೊದಲು ಮಾಡಿದ ತೀರ್ಮಾನವೆಂದರೆ ವಿಚಾರಣೆ ಬಹಿರಂಗವಾಗಿ ನಡೆಯತಕ್ಕುದೆಂಬುದು. ಮುಂಬಯಿಯಲ್ಲಿ ಜನ ಕಿಕ್ಕಿರಿದು ನೆರೆದರು. ಒಳಗೆ ಸ್ಥಳ ಸಾಲದೆ, ಹೊರಗೆ ನಿಂತವರು ಕೇಳಲೆಂದು ಧ್ವನಿವರ್ಧಕಗಳನ್ನು ಹಾಕಬೇಕಾಯಿತು. ಕೇಳುವುದನ್ನೇ ಅಭ್ಯಾಸ ಮಾಡಿಕೊಂಡ ನಮ್ಮ ಶ್ರೋತೃಗಳು ಆ ಚಿತ್ರವನ್ನು ಸುಲಭವಾಗಿ ಕಲ್ಪಿಸಿಕೊಳ್ಳಬಲ್ಲರು: ಬೀದಿಯಲ್ಲಿ ನಿಂತ ಗುಮಾಸ್ತೆ, ಅಂಗಡಿಯವನು, ಕಾಲೇಜಿನ ಹುಡುಗ, ಎಲ್ಲರೂ ದೇಶದ ಅರ್ಥಸಚಿವರು ಸಾಕ್ಷಿಯ ಸ್ಥಾನದಲ್ಲಿ ಕುಳಿತು ಹೇಳುತ್ತಿರುವುದನ್ನು ತಮ್ಮ ಕಿವಿಯಿಂದಲೇ ಕೇಳುತ್ತಿದ್ದಾರೆ. ಇಂಥದು ಜಾತ್ರೆಯಾಗಿ ಪರಿಣಮಿಸುವ ಅಪಾಯ ಇಲ್ಲದಿಲ್ಲ. ಮನುಷ್ಯನ ಮಾನ ಹೋಗುವುದನ್ನು ನೋಡಲು ಗುಂಪಿಗೆ ಯಾವಾಗಲೂ ಒಂದು ಬಗೆಯ ಹಸಿವಿರುತ್ತದೆ. ಹಾಗಿದ್ದರೂ ಮುಚ್ಚಿದ ಬಾಗಿಲಿನ ಹಿಂದೆ ನಡೆದು, ಮೂರು ವರ್ಷದ ಮೇಲೆ ಯಾರೂ ಓದದ ದಪ್ಪ ವರದಿಯಾಗಿ ಹೊರಬೀಳುವ ವಿಚಾರಣೆಗಿಂತ ಇದೇ ಲೇಸೆಂದು ನಮ್ಮ ಅಭಿಪ್ರಾಯ.

ಅಟಾರ್ನಿ ಜನರಲ್ ಸೆಟಲ್‌ವಾಡ್ ಅವರು ಆಯೋಗಕ್ಕೆ ನೆರವಾದರು. ಸರ್ಕಾರದ ವಕೀಲರೆಂದು ಸರ್ಕಾರವನ್ನು ಕಾಪಾಡುವುದಕ್ಕೆ ನಿಲ್ಲಲಿಲ್ಲ. ಸಾಕ್ಷ್ಯ ಯಾವ ಕಡೆಗೆ ಕರೆದೊಯ್ದಿತೋ ಆ ಕಡೆಗೇ ನಡೆದರು. ಅರ್ಥಶಾಖೆಯ ಮುಖ್ಯ ಕಾರ್ಯದರ್ಶಿ ಎಚ್. ಎಂ. ಪಟೇಲ್, ರಿಸರ್ವ್ ಬ್ಯಾಂಕಿನ ಗವರ್ನರ್ ಎಚ್. ವಿ. ಆರ್. ಅಯ್ಯಂಗಾರ್, ನಿಗಮದ ಅಧಿಕಾರಿಗಳು, ಎಲ್ಲರೂ ಬಂದು ಸಾಕ್ಷ್ಯ ನುಡಿದರು. ಕೊನೆಗೆ ಗಂಟು ಬಿದ್ದದ್ದು ಇಲ್ಲಿ: ಕೊಳ್ಳುವುದಕ್ಕೆ ಸಚಿವರ ಒಪ್ಪಿಗೆಯಿತ್ತೆಂದು ಕಾರ್ಯದರ್ಶಿಗಳ ಹೇಳಿಕೆ, ತಾವು ಅಂಥ ಒಪ್ಪಿಗೆ ಕೊಡಲಿಲ್ಲವೆಂದು ಸಚಿವರ ಹೇಳಿಕೆ.

ಛಾಗ್ಲಾ ಅವರು ಒಂದು ತಿಂಗಳ ಆಸುಪಾಸಿನಲ್ಲಿಯೇ, ಫೆಬ್ರವರಿ 10ರಂದು, ವರದಿಯನ್ನು ಒಪ್ಪಿಸಿದರು. ಅದರ ತಿರುಳು ಇಷ್ಟು. ಕಾರ್ಯದರ್ಶಿಯು ಮಾಡಿದ ಕೆಲಸಕ್ಕೆ ಪಾರ್ಲಿಮೆಂಟಿನ ಮುಂದೆ ಹೊಣೆ ಸಚಿವರದು. ನನ್ನ ಕೈಕೆಳಗಿನವರು ನನ್ನ ನೀತಿಯನ್ನು ಮೀರಿ ನಡೆದರು, ನನಗೆ ಗೊತ್ತಿರಲಿಲ್ಲ ಎಂದು ಹೇಳಿ ಸಚಿವರು ಬದಿಗೆ ಸರಿಯಲಾಗದು. ವ್ಯವಹಾರ ನಡೆದ ಸಂಗತಿ ತಿಳಿದ ಮೇಲೂ ಅದನ್ನು ತಡೆಯುವ ಇಲ್ಲವೆ ಅಲ್ಲಗಳೆಯುವ ಪ್ರಯತ್ನ ಕಾಣದಿರುವಾಗ, ಹೊಣೆ ಇನ್ನೂ ಗಟ್ಟಿಯಾಗುತ್ತದೆ.

ಅದೇ ತಿಂಗಳಲ್ಲಿ ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು. ಮುಂಗಡಪತ್ರದ ದಿನ ಎದುರಿಗೇ ಇತ್ತು. ಫೆಬ್ರವರಿ 28ರಂದು ಅದನ್ನು ಲೋಕಸಭೆಯಲ್ಲಿ ಮಂಡಿಸಬೇಕಾಗಿ ಬಂದದ್ದು ನೆಹರೂ ಅವರಿಗೇ. ಈ ಸಲ ಅವರ ಮನಸ್ಸು ಕಾಯಿದೆಯ ದಿಕ್ಕಿನಲ್ಲಿರಲಿಲ್ಲ. ಬಲ್ಲಿದರಾದ ಸಚಿವರೊಬ್ಬರನ್ನು ಕಳೆದುಕೊಂಡದ್ದು ಅವರಿಗೆ ನೋವು ತಂದಿತು; ರಾಜೀನಾಮೆಯನ್ನು ಒಪ್ಪಿದ್ದು ಅರೆಮನಸ್ಸಿನಿಂದ. ಆದರೆ ಒಪ್ಪಿದರು. 1951ಕ್ಕಿಂತ 1958 ನಮಗೆ ಹೆಚ್ಚಿನದೆಂದು ತೋರುವುದು ಈ ಕಾರಣದಿಂದ. ಮೊದಲನೆಯದರಲ್ಲಿ ಮಹಾಪುರುಷನೊಬ್ಬನ ಸದ್ಬುದ್ಧಿ ಕೆಲಸಮಾಡಿತು. ಎರಡನೆಯದರಲ್ಲಿ ಅವನ ಸದ್ಬುದ್ಧಿಯನ್ನು ಯಾರೂ ಕಾಯುತ್ತ ಕೂರಲಿಲ್ಲ. ಒಬ್ಬ ಸದಸ್ಯನ ಪ್ರಶ್ನೆ, ಒಬ್ಬ ನ್ಯಾಯಾಧೀಶನ ತೆರೆದ ಬಾಗಿಲು, ತನ್ನ ಕಕ್ಷಿಗಾರನಿಗಿಂತ ಸಾಕ್ಷ್ಯಕ್ಕೆ ಹೆಚ್ಚು ನಿಷ್ಠನಾದ ಒಬ್ಬ ವಕೀಲ, ಬೀದಿಯಲ್ಲಿ ನಿಂತು ಕೇಳಿದ ಜನ, ಇವೆಲ್ಲ ಸೇರಿ ಅವನ ಮನಸ್ಸಿಗೆ ಒಲ್ಲದ ಕೆಲಸವನ್ನು ಮಾಡಿಸಿದವು. ಕಾಯಿದೆ ಆಳುತ್ತದೆ ಎನ್ನುವುದು ಇದಕ್ಕೆ.

ಇಲ್ಲಿ ನ್ಯಾಯವಾಗಿ ಒಂದು ಆಕ್ಷೇಪವನ್ನು ಎತ್ತಬಹುದು. ಕೃಷ್ಣಮಾಚಾರಿಯವರು ಈ ವ್ಯವಹಾರದಲ್ಲಿ ತಮ್ಮ ಜೇಬಿಗೆ ಹಣ ಹಾಕಿಕೊಂಡರೆಂದು ಆಯೋಗ ಹೇಳಲಿಲ್ಲ. ಹಣ ಮುಟ್ಟದ ಮನುಷ್ಯನನ್ನು ಅಪ್ರಾಮಾಣಿಕರ ಸಾಲಿಗೆ ಸೇರಿಸಬಹುದೆ? ಮುದ್ಗಲ್ ಅವರೊಡನೆ ಅವರನ್ನು ಒಂದೇ ಉಸಿರಿನಲ್ಲಿ ಹೆಸರಿಸುವುದು ಅನ್ಯಾಯವಲ್ಲವೆ? ಅನ್ಯಾಯವೆಂದೇ ಒಪ್ಪಬೇಕು, ಪ್ರಾಮಾಣಿಕತೆ ಎಂಬ ಶಬ್ದಕ್ಕೆ ಕೈಶುದ್ಧಿ ಎಂಬುದೊಂದೇ ಅರ್ಥವಾಗಿದ್ದರೆ. ನಮ್ಮ ಜನ ಸಾಮಾನ್ಯವಾಗಿ ಹಾಗೆಯೇ ತಿಳಿಯುತ್ತಾರೆ. “ಆತ ಒಂದು ಕಾಸೂ ಮುಟ್ಟಿದವನಲ್ಲ” ಎಂದುಬಿಟ್ಟರೆ ಮುಂದೆ ಮಾತಿಲ್ಲ. ಆದರೆ ಶಬ್ದದೊಳಗೇ ಪ್ರಮಾಣವೆಂಬುದು ಕುಳಿತಿದೆ. ಹೇಳಿದ ಮಾತಿಗೆ ಪ್ರಮಾಣ ಕೇಳಿದರೆ ತೋರಿಸಬಲ್ಲವನು ಪ್ರಾಮಾಣಿಕ. ಕುಟುಂಬದಲ್ಲಿ ಒಬ್ಬ ಮನುಷ್ಯನಿಗೆ ಕೈಶುದ್ಧಿ ಸಾಕು. ಹತ್ತು ಲಕ್ಷ ಜನರ ವಿಮೆಯ ಹಣವನ್ನು ನೋಡಿಕೊಳ್ಳುವವನಿಗೆ ಅದು ಆರಂಭ ಮಾತ್ರ. ಅವನು ಲೆಕ್ಕ ಕೊಡಬೇಕು, ಕೇಳಿದವರಿಗೆ ಕೇಳಿದ್ದನ್ನು ಪೂರ್ತಿಯಾಗಿ ಹೇಳಬೇಕು, ತನ್ನ ಕಛೇರಿಯಲ್ಲಿ ನಡೆದದ್ದನ್ನು ತನ್ನದೆನ್ನಬೇಕು. ಲಂಚ ಪಡೆಯದ ಮುಖಂಡನೊಬ್ಬನು ಸಭೆಗೆ ಅರ್ಧ ಸತ್ಯ ಹೇಳಿದರೆ, ಅವನ ನಂತರ ಅದೇ ಕುರ್ಚಿಯಲ್ಲಿ ಕುಳಿತ ಲಂಚಕೋರನಿಗೆ ಆ ಅರ್ಧ ಸತ್ಯದ ಮಾದರಿ ಸಿದ್ಧವಾಗಿರುತ್ತದೆ.

ಅಧಿಕಾರಿಗಳ ಪಾಡು ಬೇರೆ. ಪಟೇಲರೇ ಮೊದಲಾದವರ ಮೇಲೆ ಮತ್ತೆ ವಿಚಾರಣೆಗಳು ನಡೆದವು. ಅವರು ಸರ್ಕಾರದ ಕೆಲಸವನ್ನು ಬಿಟ್ಟರು. ಕಾಲಚಕ್ರ ಹೇಗೆ ತಿರುಗುತ್ತದೆ ನೋಡಿ: ಅದೇ ಪಟೇಲರು 1977ರಲ್ಲಿ ದೇಶದ ಅರ್ಥಸಚಿವರಾದರು. ಕೃಷ್ಣಮಾಚಾರಿಯವರೂ 1962ರಲ್ಲಿ ಮಂತ್ರಿಮಂಡಲಕ್ಕೆ ಮರಳಿ, ಮರುವರ್ಷ ಮತ್ತೆ ಅರ್ಥಸಚಿವರಾಗಿ, 1965ರ ಕೊನೆಯಲ್ಲಿ ಇನ್ನೊಮ್ಮೆ ರಾಜೀನಾಮೆ ಕೊಟ್ಟರು. ಮುಂಧ್ರಾ ಸೆರೆಮನೆಗೆ ಹೋದನು. ಪ್ರಶ್ನೆ ಕೇಳಿದ ಫಿರೋಜ್ ಗಾಂಧಿಯವರು 1960ರಲ್ಲಿ, ಐವತ್ತು ತುಂಬುವ ಮೊದಲೇ, ತೀರಿಕೊಂಡರು.

ಮುಂದಿನ ಕಾಲದ ಚರಿತ್ರೆಯನ್ನು ಪೂರ್ತಿಯಾಗಿ ಹೇಳುವಷ್ಟು ಸಮಯವಿಲ್ಲ. ಹೇಳಿದರೆ ಉತ್ಸಾಹವೂ ಉಳಿಯಲಾರದು. ಎರಡು ಮೂರು ಗುರುತುಗಳನ್ನಷ್ಟೇ ನೋಡೋಣ. ಪ್ರಶ್ನೆ ಕೇಳುವುದಕ್ಕೆ ಹಣ ಪಡೆದ ರೋಗ ಮುದ್ಗಲ್ ಅವರೊಡನೆ ಸಾಯಲಿಲ್ಲ. 2005ರ ಡಿಸೆಂಬರ್ 12ರಂದು, ಅಡಗಿಸಿಟ್ಟ ಕ್ಯಾಮರಾಗಳಿಂದ ತೆಗೆದ ಚಿತ್ರಗಳು ದೂರದರ್ಶನದ ಖಾಸಗಿ ವಾಹಿನಿಯೊಂದರಲ್ಲಿ ಪ್ರಸಾರವಾದವು. ಡಿಸೆಂಬರ್ 23ರಂದು ಲೋಕಸಭೆಯ ಹತ್ತು ಮಂದಿಯನ್ನೂ ರಾಜ್ಯಸಭೆಯ ಒಬ್ಬರನ್ನೂ ಹೊರಗೆ ಹಾಕಲಾಯಿತು. 1951ರಲ್ಲಿ ಒಬ್ಬ ಸದಸ್ಯನಿಗೆ ಮೂರೂವರೆ ತಿಂಗಳು. 2005ರಲ್ಲಿ ಹನ್ನೊಂದು ಮಂದಿಗೆ ಹನ್ನೊಂದು ದಿನ. ಅವರು ನಿರ್ದೋಷಿಗಳೆಂದು ನಾವು ಹೇಳುತ್ತಿಲ್ಲ. ಆದರೂ ದೋಷಿಗೂ ಸಾವಧಾನವಾಗಿ ಕಿವಿಗೊಡುವುದು ಕಾಯಿದೆಯ ಸ್ವಭಾವ. ದೃಶ್ಯವನ್ನು ಕಂಡು ಕೆರಳಿದ ದೇಶಕ್ಕೆ ಬೇಗ ಬಲಿ ಕೊಟ್ಟು ಸಮಾಧಾನಪಡಿಸುವುದು ರಾಜಕಾರಣದ ಸ್ವಭಾವ. 2007ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸಭೆಗಳಿಗೆ ಹೀಗೆ ಹೊರಗೆ ಹಾಕುವ ಅಧಿಕಾರವುಂಟೆಂದು ತೀರ್ಪು ಕೊಟ್ಟಾಗ ಅದರಲ್ಲಿ ಮುದ್ಗಲ್ ಪ್ರಕರಣದ ವಿಚಾರವೂ ಬಂದಿತು.

ಇನ್ನೊಂದು ವಿಚಿತ್ರ. 1993ರಲ್ಲಿ ಕೇಂದ್ರ ಸರ್ಕಾರದ ಮೇಲೆ ಬಂದ ಅವಿಶ್ವಾಸ ನಿರ್ಣಯವನ್ನು ಸೋಲಿಸಲು ಕೆಲವು ಸದಸ್ಯರಿಗೆ ಹಣ ಸಂದಿತೆಂಬ ಮೊಕದ್ದಮೆ ನಡೆಯಿತು. 1998ರಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರಲ್ಲಿ ಮೂವರು, ಸಭೆಯಲ್ಲಿ ಕೊಟ್ಟ ಮತದ ವಿಷಯವಾಗಿ ಸದಸ್ಯರನ್ನು ಯಾವ ನ್ಯಾಯಾಸ್ಥಾನವೂ ಪ್ರಶ್ನಿಸಲಾಗದೆಂಬ ರಾಜ್ಯಾಂಗದ ರಕ್ಷಣೆ ಲಂಚಕ್ಕೂ ಅನ್ವಯಿಸುತ್ತದೆಂದು ಹೇಳಿದರು. ಅದರ ಪರಿಣಾಮ ಹೀಗಾಯಿತು: ಲಂಚ ಪಡೆದು, ಪಡೆದ ಮಾತಿನಂತೆ ಮತ ಹಾಕಿದವನಿಗೆ ರಕ್ಷಣೆ, ಪಡೆದೂ ಮತ ಹಾಕದವನಿಗೆ ಶಿಕ್ಷೆ! ಲಂಚ ಕೊಟ್ಟವನಿಗೆ ನಂಬಿಕೆದ್ರೋಹ ಮಾಡದವನನ್ನು ಕಾಯಿದೆ ಕಾಪಾಡಿದಂತಾಯಿತು. ಇದನ್ನು ತಿದ್ದಲು ಇಪ್ಪತ್ತಾರು ವರ್ಷ ಹಿಡಿಯಿತು. 2024ರ ಮಾರ್ಚ್ 4ರಂದು ಏಳು ಮಂದಿ ನ್ಯಾಯಾಧೀಶರ ಪೀಠ ಒಮ್ಮತದಿಂದ ಹಳೆಯ ತೀರ್ಪನ್ನು ತಳ್ಳಿಹಾಕಿ, ಲಂಚಕ್ಕೆ ಸಭೆಯ ಹಕ್ಕಿನ ಆಸರೆಯಿಲ್ಲವೆಂದು ಸಾರಿತು.

ನಮ್ಮ ರಾಜ್ಯದ ಮಾತನ್ನು ಹೇಳದೆ ಬಿಟ್ಟರೆ ಶ್ರೋತೃಗಳು ನಮ್ಮನ್ನು ಹೇಡಿಗಳೆಂದು ತಿಳಿದಾರು. 1984ರ ಕಾಯಿದೆಯಿಂದ ಕರ್ನಾಟಕದಲ್ಲಿ ಲೋಕಾಯುಕ್ತ ಸಂಸ್ಥೆ ಬಂದಿತು. ಕೇಂದ್ರದಲ್ಲಿ ಲೋಕಪಾಲರ ಮಸೂದೆ ಮೊದಲು ಮಂಡಿತವಾದದ್ದು 1968ರಲ್ಲಿ, ಕಾಯಿದೆಯಾದದ್ದು 2013ರಲ್ಲಿ, ಮೊದಲ ಲೋಕಪಾಲರು ನೇಮಕವಾದದ್ದು 2019ರಲ್ಲಿ. ಇದನ್ನು ನೆನೆದರೆ ನಾವು ಮುಂದಿದ್ದೆವೆಂದು ಹೆಮ್ಮೆಪಡಬಹುದು. ಇಲ್ಲಿಯ ಸಂಸ್ಥೆಗೆ ಹಲ್ಲೂ ಇತ್ತು. 2011ರ ಜುಲೈಯಲ್ಲಿ ಅಕ್ರಮ ಗಣಿಗಾರಿಕೆಯನ್ನು ಕುರಿತು ಲೋಕಾಯುಕ್ತರು ಸಲ್ಲಿಸಿದ ವರದಿಯ ಬೆನ್ನಲ್ಲೇ ಅಂದಿನ ಮುಖ್ಯಮಂತ್ರಿಗಳು ಸ್ಥಾನ ಬಿಡಬೇಕಾಯಿತು. ಬೇರೆ ಪಕ್ಷದ ಸರ್ಕಾರ ಬಂದ ಮೇಲೆ, 2016ರ ಮಾರ್ಚಿಯಲ್ಲಿ, ಭ್ರಷ್ಟಾಚಾರದ ಮೊಕದ್ದಮೆಗಳನ್ನು ತನಿಖೆ ಮಾಡುವ ಪೊಲೀಸು ಅಧಿಕಾರವನ್ನು ಲೋಕಾಯುಕ್ತದಿಂದ ತೆಗೆದು, ಮುಖ್ಯಮಂತ್ರಿಗಳ ಹತೋಟಿಯಲ್ಲಿರುವ ಭ್ರಷ್ಟಾಚಾರ ನಿಗ್ರಹ ದಳವೆಂಬ ಹೊಸ ಸಂಸ್ಥೆಗೆ ಕೊಡಲಾಯಿತು. ಆಗ ವಿರೋಧದಲ್ಲಿದ್ದವರು ಇದನ್ನು ಖಂಡಿಸಿದರು. ತಾವು ಅಧಿಕಾರಕ್ಕೆ ಬಂದ ಮೇಲೆ ದಳ ಹಾಗೆಯೇ ಮುಂದುವರಿಯಿತು. 2022ರ ಆಗಸ್ಟ್ 11ರಂದು ಹೈಕೋರ್ಟು ಆ ದಳವನ್ನು ರದ್ದುಮಾಡಿ ಅಧಿಕಾರವನ್ನು ಮರಳಿ ಲೋಕಾಯುಕ್ತಕ್ಕೆ ಒಪ್ಪಿಸಿತು. ಕಾವಲುಗಾರನನ್ನು ಯಾರ ಅಂಗಳದಲ್ಲಿ ಕಟ್ಟಬೇಕೆಂಬ ವಿಷಯದಲ್ಲಿ ಪಕ್ಷಗಳಿಗೆ ಇರುವ ಒಮ್ಮತ ಬೇರಾವುದರಲ್ಲಿಯೂ ಕಾಣದು.

ಈ ಬಗೆಯ ಏರ್ಪಾಟುಗಳಲ್ಲಿ ಇನ್ನೊಂದರ ಮೇಲೆ ನಮ್ಮ ಕಣ್ಣು ಇರಬೇಕಾಗಿದೆ. ಭ್ರಷ್ಟಾಚಾರ ನಿರೋಧ ಕಾಯಿದೆಗೆ 2018ರಲ್ಲಿ ಸೇರಿಸಿದ 17-ಎ ಕಲಮಿನಂತೆ, ಸಾರ್ವಜನಿಕ ನೌಕರನೊಬ್ಬನು ಅಧಿಕಾರದಲ್ಲಿ ಮಾಡಿದ ತೀರ್ಮಾನವನ್ನು ಪೊಲೀಸರು ವಿಚಾರಿಸಬೇಕಾದರೆ ಮುಂಚಿತವಾಗಿ ಸಂಬಂಧಪಟ್ಟ ಸರ್ಕಾರದ ಅಥವಾ ಮೇಲಧಿಕಾರದ ಒಪ್ಪಿಗೆ ಬೇಕು. ಇದರ ಪರವಾಗಿ ಹೇಳುವ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ: ಸುಳ್ಳು ದೂರಿಗೆ ಹೆದರಿ ರುಜು ಹಾಕಲು ಕೈ ನಡುಗುವ ಒಳ್ಳೆಯ ಅಧಿಕಾರಿಯನ್ನು ನಾವು ಬಲ್ಲೆವು; ಅವನಿಗೆ ರಕ್ಷಣೆ ಬೇಕು. ಆದರೆ 1957ರ ಜೂನ್ ತಿಂಗಳ ಆ ಷೇರುಗಳ ಖರೀದಿಯೂ ಅಧಿಕಾರದಲ್ಲಿ ಮಾಡಿದ ತೀರ್ಮಾನವೇ ಆಗಿತ್ತು. ಅದನ್ನು ವಿಚಾರಿಸಲು ಒಪ್ಪಿಗೆ ಬೇಕೆಂದು ಅರ್ಥಶಾಖೆಗೇ ಕಾಗದ ಬರೆದಿದ್ದರೆ ಯಾವ ಉತ್ತರ ಬರುತ್ತಿತ್ತು, ಎಷ್ಟು ದಿನಕ್ಕೆ ಬರುತ್ತಿತ್ತು ಎಂಬುದನ್ನು ಊಹಿಸಲು ಶ್ರೋತೃಗಳಿಗೆ ನಮ್ಮ ಸಹಾಯ ಬೇಕಿಲ್ಲ. ಅಂದು ಆ ಪ್ರಶ್ನೆಯನ್ನು ಕೇಳಿದವನಿಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಅವನು ಸಭೆಯಲ್ಲಿ ತನ್ನ ಸ್ಥಳದಿಂದ ಎದ್ದು ನಿಂತನು, ಅಧ್ಯಕ್ಷರು ಅವನ ಹೆಸರನ್ನು ಕರೆದರು.